ಭಂಡಾರ ಹಿಡಿದ ಕೈ

ಗುಡಿಯ ಕಂಬಕ್ಕೆ ಇಲಾಖೆಯವರು ನೋಟೀಸು ಅಂಟಿಸಿ ಹೋದ ದಿನ ಪಾಲಾಕ್ಷಪ್ಪನ ಮನೆಯಲ್ಲಿ ಊಟದ ತಟ್ಟೆ ಹಾರಿತು. ರೊಟ್ಟಿ ಒಂದು ಕಡೆ ಬಿತ್ತು, ಪುಂಡಿಪಲ್ಲೆ ಗೋಡೆಗೆ ಬಡಿಯಿತು. ಐವತ್ತು ದಾಟಿದ ಗಂಡಸು, ಮೊಮ್ಮಗಳನ್ನು ಎತ್ತಿ ಆಡಿಸಿದವನು. ಆದರೂ ಸಿಟ್ಟು ಬಂದರೆ ಮುಂದಿರುವುದು ಅನ್ನ ಅನ್ನುವ ಖಬರು ಅವನಿಗೆ ಇರುತ್ತಿರಲಿಲ್ಲ.

"ಯಾವನಲೇ ಅವನು, ನಮ್ಮ ಗುಡಿಗೆ ಕಾಗದ ಅಂಟಿಸಾಂವ?"

"ಪುರಾತತ್ವ ಇಲಾಖೆಯವರಂತ ಮಾವ," ಎಂದಳು ಸೊಸೆ ಸಂಗೀತಾ. ಕೊಟ್ಟೂರಿನ ಹುಡುಗಿ, ಬಿ.ಎ. ಓದಿದವಳು. ನೋಟೀಸನ್ನು ನಿಂತು ಓದಿ ಬಂದಿದ್ದಳು. "ಗುಡಿ ಹಳೇದು, ಇನ್ನ ಮುಂದ ಸರ್ಕಾರನ ಕಾಯ್ತೈತಿ ಅಂತ ಬರದಾರ. ಅದರ ಸುತ್ತ ನೂರು ಮೀಟರಿನಾಗ ಅಗಿಯಂಗಿಲ್ಲ, ಕಟ್ಟಂಗಿಲ್ಲ, ಮಿಷನ್ ತರಂಗಿಲ್ಲ. ಯಾರದರ ತಕರಾರು ಇದ್ರ ಎರಡು ತಿಂಗಳದಾಗ ಹೇಳ್ರಿ ಅಂತ ಐತಿ."

"ಹಂಗಾರ ಹೊಳಿಗೆ ಕಟ್ಟಾಕತ್ತಿದ್ದ ತಡೆ ಗ್ವಾಡಿ?"

"ನಿಂತಂಗ."

ಆಗ ಹಾರಿದ್ದು ತಟ್ಟೆ. ಅವನ ಹೆಂಡತಿ ಭರಮಮ್ಮ ಗೋಡೆಗೆ ಅಂಟಿದ ಪಲ್ಲೆಯನ್ನು ಬಳಿಯುತ್ತಾ, "ಅನ್ನದ ಮ್ಯಾಲೆ ಯಾಕ ಸಿಟ್ಟು? ಓದಿ ಹೇಳಿದಾಕಿ ಮ್ಯಾಲೆ ಮಾಡ್ರಿ," ಎಂದಳು. ಓದುವುದು ಬಂದ ತಪ್ಪಿಗೆ ಸಂಗೀತಾ ಆ ಮನೆಯಲ್ಲಿ ಬೈಸಿಕೊಂಡದ್ದು ಅದೇ ಮೊದಲಲ್ಲ.

ನಮ್ಮೂರು ಹೊಳೆಸಿದ್ದಾಪುರ ಹಡಗಲಿ ತಾಲೂಕಿನದು, ತುಂಗಭದ್ರೆಯ ದಂಡೆಯ ಮೇಲಿನದು. ಊರಿನ ಕೊನೆಯ ಮನೆ ಪಾಲಾಕ್ಷಪ್ಪನದು. ಅದರ ಬೆನ್ನಿಗೆ ಕಲ್ಲೇಶಪ್ಪನ ಗುಡಿ. ಬೆನ್ನಿಗೆ ಎಂದರೆ ಬೆನ್ನಿಗೇ, ಗುಡಿಯ ಹಿಂಗೋಡೆಯೇ ಇವರ ಅಡುಗೆಮನೆಯ ಗೋಡೆ. ಗುಡಿ ದಾಟಿದರೆ ಹೊಳೆ. ಹೋದ ಮಳೆಗಾಲದಲ್ಲಿ ನೀರು ಅಡುಗೆಮನೆಗೇ ಬಂದು ಜೋಳದ ಚೀಲ ನೆನೆಸಿ, ಕೊಟ್ಟಿಗೆಯಲ್ಲಿ ಕಟ್ಟಿದ್ದ ಕುರಿಮರಿಗಳನ್ನು ಕೊಚ್ಚಿಕೊಂಡು ಹೋಗಿತ್ತು. ಆಮೇಲೆ ಸರ್ಕಾರಕ್ಕೆ ಎಚ್ಚರವಾಗಿ ದಂಡೆಗೆ ಕಲ್ಲಿನ ತಡೆಗೋಡೆ ಕಟ್ಟಿಸಲು ಶುರುವಾಯಿತು. ಗೋಡೆ ಮೇಲಿನಿಂದ ಬಂತು, ಕೆಳಗಿನಿಂದಲೂ ಬಂತು, ಗುಡಿಯ ಹತ್ತಿರ ನಿಂತಿತು. ಹಡಗಲಿಯ ಕಾಲೇಜಿನ ಮೇಷ್ಟರೊಬ್ಬರು ಗುಡಿಯ ಕಂಬಗಳನ್ನು ನೋಡಿ ಇಲಾಖೆಗೆ ಬರೆದಿದ್ದರಂತೆ. ಈಗ ಎರಡೂ ಕಡೆ ಗೋಡೆ, ನಡುವೆ ಸಂದು, ಆ ಸಂದಿನಲ್ಲಿ ಪಾಲಾಕ್ಷಪ್ಪನ ಮನೆ. ಹೊಳೆ ಈ ಸಲ ಎಲ್ಲಿಂದ ನುಗ್ಗುತ್ತದೆ ಎಂದು ಅವನ ಕುರಿಗಳಿಗೂ ಗೊತ್ತಿತ್ತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನ ಮೈಲಾರಲಿಂಗಪ್ಪನ ಭಂಡಾರದ ಚೀಲ ಇರುವುದು ಇವರ ಮನೆಯ ದೇವರ ಜಗಲಿಯ ಮೇಲೆ. ಊರಲ್ಲಿ ಕುರಿ ಕಳುವಾದರೆ, ಯಾರಾದರೂ ಬದು ಒತ್ತಿದರೆ, ಸ್ಟೇಷನ್ನಿನ ಮೆಟ್ಟಿಲು ಹತ್ತುವ ಪದ್ಧತಿ ನಮ್ಮಲ್ಲಿಲ್ಲ. ಪಾಲಾಕ್ಷಪ್ಪ ಚೀಲ ತರುತ್ತಾನೆ, ದೇವರ ಅರಿಶಿನವನ್ನು ಅಂಗೈಗೆ ಹಾಕುತ್ತಾನೆ, "ಈಗ ಹೇಳಲೇ," ಅನ್ನುತ್ತಾನೆ. ಭಂಡಾರ ಹಿಡಿದು ಹೇಳಿದ್ದೇ ಖರೆ. ಅದರ ಮೇಲೆ ಅಪೀಲಿಲ್ಲ. ಎಷ್ಟೋ ಮಂದಿ ಅವನ ಮುಂದೆ ಅಂಗೈ ಚಾಚಲಾರದೆ ತಲೆ ತಗ್ಗಿಸಿ ಹೋಗಿದ್ದಾರೆ. ಅದರ ಗತ್ತು ಅವನ ನಡಿಗೆಯಲ್ಲೇ ಇತ್ತು.

ವಾರ ಕಳೆಯುವಷ್ಟರಲ್ಲಿ ಇಲಾಖೆಯ ಅಧಿಕಾರಿ ಬಂದರು. ಕೀರ್ತನಾ ಎಂದು ಹೆಸರು, ಮೈಸೂರು ಕಡೆಯ ಮಾತು. ಗುಡಿಯೊಳಗೆ ಹೋಗಿ ಕಂಬ ಸವರಿ, ಫೋಟೋ ಹೊಡೆದುಕೊಂಡು, ಇವರ ಕಟ್ಟೆಯ ಮೇಲೆ ಬಂದು ಕೂತರು. ಭರಮಮ್ಮ ನೀರು ಕೊಟ್ಟಳು, ಬೆಲ್ಲ ಕೊಡಲಿಲ್ಲ.

"ನಿಮಗೆ ತೊಂದರೆ ಕೊಡೋಕೆ ಬಂದಿಲ್ಲ ಯಜಮಾನ್ರೇ," ಎಂದರು ಕೀರ್ತನಾ. "ಗುಡಿ ಘೋಷಣೆ ಆದ್ರೆ ಅದರ ಹತ್ತಿರ ಯಂತ್ರ ಬರೋ ಹಾಗಿಲ್ಲ. ನಿಮ್ಮ ಮನೆ ಗುಡಿಗೇ ಅಂಟಿಕೊಂಡಿದೆ, ಅದರ ತಂಟೆಗೂ ಬರೋ ಹಾಗಿಲ್ಲ. ಗುಡಿಯ ಮುಂದೆ, ಹೊಳೆ ಕಡೆಗೆ, ಕೈಯಿಂದಲೇ ಕಲ್ಲು ಕೂರಿಸಿ ಗೋಡೆ ಮಾಡಿಸಿ ಅಂತ ನಾವೇ ಬರೀತೀವಿ. ಗುಡಿ, ಮನೆ ಎರಡೂ ಉಳಿಯುತ್ತೆ."

"ಯಾವಾಗ?"

"ಮಂಜೂರಾತಿ ಬರಬೇಕು. ಈ ಮಳೆಗಾಲಕ್ಕೆ ಆಗೋದಿಲ್ಲ."

"ನೀರು ಬಂದ್ರ ನಿಮ್ಮ ಕಲ್ಲಿಗೇನು ಮೇಡಮ್ಮಾರ? ನೆನೀತಾವು, ಒಣಗ್ತಾವು. ನಮ್ಮ ಕೂಸು ಹೋದ್ರ ಒಣಗಿಸಿ ಕೊಡ್ತೀರೇನು?"

ಸುಳ್ಳು ಹೇಳಬಾರದು, ಅವನ ಮಾತಿನಲ್ಲೂ ನ್ಯಾಯವಿತ್ತು. ಕೀರ್ತನಾ ಹೋಗುವಾಗ ಸಂಗೀತಾಳಿಗೆ ಫೋನ್ ನಂಬರ್ ಕೊಟ್ಟು ಹೋದರು. ಅದನ್ನು ಭರಮಮ್ಮ ಕಿಟಕಿಯಿಂದ ನೋಡಿದಳು.

ಅದೇ ವಾರ ಗೋಡೆಯ ಗುತ್ತಿಗೆದಾರನ ಕಡೆಯ ಇಂಜಿನಿಯರ್ ಅರುಣಕುಮಾರ್ ಬಸ್ ನಿಲ್ದಾಣದ ಹೋಟೆಲಿನಲ್ಲಿ ಪಾಲಾಕ್ಷಪ್ಪನಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನಿಸಿದ. ಪುಕ್ಕಟೆ ಮಿರ್ಚಿಯ ಖಾರ ಆಮೇಲೆ ಹತ್ತುತ್ತದೆ. ಅದು ಪಾಲಾಕ್ಷಪ್ಪನಿಗೆ ತಿಳಿಯಲಿಲ್ಲ.

"ಗುಡಿ ಹಳೇದು ಅಂತ ಯಾರು ಹೇಳಿದ್ದು ಯಜಮಾನ್ರೇ? ಶಾಸನ ಇದೆಯಾ? ಇಲ್ಲ. ನಿಮ್ಮ ಹಿರಿಯರು ಬೇರೆ ಕಡೆಯಿಂದ ಕಂಬ ತಂದು ಕಟ್ಟಿಸಿರಬಹುದಲ್ವಾ? ಹಾಗಂತ ನಿಮ್ಮ ಮನೆ ಹಿರಿಯರು ಪಂಚರ ಮುಂದೆ ಹೇಳಿದ್ರೆ ಸಾಕು. ನೋಟೀಸು ಹೋಗುತ್ತೆ. ಮಳೆ ಮೊದಲು ನಾನು ಗೋಡೆ ಮುಗಿಸಿಕೊಡ್ತೀನಿ."

"ಗ್ಯಾರಂಟಿ?"

"ಗ್ಯಾರಂಟಿ."

ಮನೆಗೆ ಬಂದು ಪಾಲಾಕ್ಷಪ್ಪ ಇದನ್ನೇ ಹೇಳಿದ. ಮಗ ಮೈಲಾರೇಶ್ ಅದೇ ಗುತ್ತಿಗೆದಾರನಿಗೆ ಟ್ರ್ಯಾಕ್ಟರಿನಲ್ಲಿ ಕಲ್ಲು ಸಾಗಿಸುತ್ತಿದ್ದ. ಕೆಲಸ ನಿಂತು ಸುಮ್ಮನೆ ಕೂತಿದ್ದ. "ಖರೇವ ಅಪ್ಪ, ನಮಗೂ ಹಂಗ ಅಂದಾರ," ಎಂದ.

"ಗ್ವಾಡಿ ಗುಡಿ ಮುಂದ ಬರ್ತೈತೋ ಹಿಂದ ಬರ್ತೈತೋ, ಅದನ್ನ ಕೇಳಿದ್ರೇನು ಮಾವ?" ಎಂದಳು ಸಂಗೀತಾ, ಕೂಸಿನ ಬಾಯಿಗೆ ತುತ್ತಿಡುತ್ತಾ.

"ಹೊಳಿ ಕಡಿಗೆ ಬರದ ನಿನ್ನ ತವರುಮನಿ ಕಡಿಗೆ ಬರ್ತೈತೇನು?"

"ಬರದು ಕೊಡ್ಲಿ ಅಂತಷ್ಟ ನಾ ಹೇಳೋದು. ಗುಡಿ ಹಳೇದಲ್ಲ ಅಂದ ಮ್ಯಾಲೆ ಅವರನ್ನ ತಡಿಯೋರು ಯಾರು?"

"ನೋಡವ್ವಾ ನೋಡು," ಎಂದು ಭರಮಮ್ಮ ಮಧ್ಯೆ ಬಂದಳು. "ಆ ಮೇಡಂ ನಂಬರ್ ಕೊಟ್ಟು ಹೋದಾಗಿಂದ ಇಕಿಗೆ ಗಂಡನ ಮನಿ ಮುಳುಗಿದ್ರೂ ಚಿಂತಿಲ್ಲ."

"ಮುಳುಗೋ ಮನ್ಯಾಗ ನನ್ನ ಮಗಳೂ ಅದಾಳ ಅತ್ತಿ!"

"ಬಾಯಿ ಮುಚ್ಚ್," ಎಂದ ಮೈಲಾರೇಶ್ ಹೆಂಡತಿಗೆ. ಅವನ ಶೌರ್ಯ ಅಷ್ಟೇ. ಅಪ್ಪನ ಮುಂದೆ ಎತ್ತಲಾರದ ದನಿಯನ್ನು ಹೆಂಡತಿಯ ಮೇಲೆ ಎತ್ತಿದ. ಸಂಗೀತಾ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಆದರೆ ಪಂಚರ ಮುಂದೆ ಹೇಳಬೇಕಾದವಳು ಸಂಗೀತಾ ಅಲ್ಲ, ಓಬಮ್ಮ. ಪಾಲಾಕ್ಷಪ್ಪನ ತಾಯಿ. ಹಲ್ಲು ಹೋಗಿವೆ, ಕಣ್ಣು ಹೋಗಿಲ್ಲ. ಸೊಸೆಯಾಗಿ ಬಂದ ದಿನದಿಂದ ಆ ಗುಡಿಯ ದೀಪ ಹಚ್ಚಿದವಳು ಅವಳೇ.

"ಆಗಂಗಿಲ್ಲ ಬಿಡು ತಮ್ಮಾ," ಎಂದಳು. "ನಾ ಬಂದಾಗ ನಮ್ಮತ್ತಿ ಹೇಳಿದ್ಲು. ಗುಡಿ ಮೊದ್ಲು, ನಾವು ಆಮ್ಯಾಲೆ. ಕಲ್ಲೇಶಪ್ಪ ಬೆನ್ನು ಕೊಟ್ಟಾನ, ನಾವು ಒರಗೀವಿ ಅಂತ. ಅದನ್ನ ನಮ್ಮ ಹಿರ್ಯಾರು ಕಟ್ಟಿಸ್ಯಾರ ಅಂತ ಹೆಂಗ ಹೇಳ್ಲಿ?"

"ಬಾಯಿಲೆ ಹೇಳು."

"ಬಾಯಿ ಐತಿ ಅಂತ ಏನರ ಹೇಳಾಕ ಬರ್ತೈತೇನಲೇ?"

"ನಿನಗ ಕಲ್ಲು ಬೇಕೋ ಮಗ ಬೇಕೋ?"

"ಎರಡೂ ಬೇಕು."

"ಹಂಗಾರ ಇವತ್ತಿಂದ ನಿನ್ನ ಕೈಯಾನ ರೊಟ್ಟಿ ನಾ ಮುಟ್ಟಂಗಿಲ್ಲ."

ಮುಟ್ಟಲಿಲ್ಲ. ಇದು ಸಣ್ಣ ಮಾತಲ್ಲ. ಆ ಮನೆಯಲ್ಲಿ ಭರಮಮ್ಮ ಪಲ್ಲೆ ಮಾಡಿದರೂ, ಸಂಗೀತಾ ಸಾರು ಮಾಡಿದರೂ, ಪಾಲಾಕ್ಷಪ್ಪನ ರೊಟ್ಟಿ ಬಡಿಯುವುದು ಓಬಮ್ಮನೇ. ಮದುವೆಯಾದ ಮೇಲೂ ಅವನಿಗೆ ತಾಯಿಯ ಕೈರೊಟ್ಟಿಯೇ ಆಗಬೇಕಿತ್ತು. ಈಗ ಮೂರು ಹೊತ್ತೂ ಹೋಟೆಲಿಗೆ ಹೋಗತೊಡಗಿದ. ಮುದುಕಿ ದಿನವೂ ಅವನ ಪಾಲಿನ ರೊಟ್ಟಿ ಬಡಿದು ಬುಟ್ಟಿಯಲ್ಲಿಡುತ್ತಿದ್ದಳು, ಸಂಜೆಗೆ ಅದು ಎಮ್ಮೆಯ ಪಾಲಾಗುತ್ತಿತ್ತು. ಹೋಟೆಲಿನ ಅನ್ನಕ್ಕೆ ಅವನ ಹೊಟ್ಟೆ ಕೆಟ್ಟು, ಚೆಂಬು ಹಿಡಿದು ಓಡಾಡುವುದನ್ನು ಊರೇ ನೋಡಿತು. ಆದರೂ ಬಗ್ಗಲಿಲ್ಲ ಪುಣ್ಯಾತ್ಮ.

"ಹಡೆದಾಕಿ ಕಣ್ಣ ಮುಂದ ಮಗ ಸೊರಗಾಕತ್ಯಾನ," ಎಂದು ಭರಮಮ್ಮ ಪಾತ್ರೆ ತಿಕ್ಕುತ್ತಾ ಎಮ್ಮೆಗೆ ಹೇಳುವವಳಂತೆ ಹೇಳುತ್ತಿದ್ದಳು. "ಕೆಲವರಿಗೆ ಕಲ್ಲಿನ ಮ್ಯಾಲೆ ಇರೋ ಅಂತಃಕರಣ ಮಕ್ಕಳ ಮ್ಯಾಲೆ ಇರಂಗಿಲ್ಲ."

"ಅಜ್ಜಿ, ನೀನು ಹೂಂ ಅನ್ನಬ್ಯಾಡ," ಎಂದಳು ಸಂಗೀತಾ, ಮುದುಕಿಯ ಕಾಲಿಗೆ ಎಣ್ಣೆ ತಿಕ್ಕುತ್ತಾ.

"ನಿನ್ನ ಮಗಳು ಹಿಂಗ ಉಣ್ಣೋದು ಬಿಟ್ರ ಆಗ ಹೇಳು ನನಗ," ಎಂದಳು ಓಬಮ್ಮ.

ಮೂರನೆಯ ವಾರ ಪಾಲಾಕ್ಷಪ್ಪ ಹೋಟೆಲಿನಿಂದ ಬರುತ್ತಾ ಅಂಗಳದಲ್ಲೇ ವಾಂತಿ ಮಾಡಿಕೊಂಡ. ಓಬಮ್ಮ ನೀರು ತಂದಳು, ಅವನು ಅದನ್ನೂ ತಳ್ಳಿದ. ಮುದುಕಿಯ ಕೈಯಿಂದ ತಂಬಿಗೆ ಜಾರಿತು.

"ಹೇಳ್ತೀನಿ ನಡಿಯಲೇ, ಹಾಳಾದವ್ನ," ಎಂದಳು. "ಹೇಳ್ತೀನಿ. ಮೊದ್ಲು ಉಣ್ಣು."

ತಕರಾರು ಕೇಳಲು ಕೀರ್ತನಾ ಬಂದ ದಿನ ಗುಡಿಯ ಮುಂದೆ ಅರ್ಧ ಊರು ನೆರೆದಿತ್ತು. ಪಂಚರಲ್ಲಿ ಪಂಚಾಯ್ತಿ ಮೆಂಬರ್ ಮಾರೇಶ್ ಇದ್ದ. ಪಕ್ಕದ ಮನೆಯ ಪಕ್ಕೀರಮ್ಮ ಇದ್ದಳು, ಅವಳೂ ಓಬಮ್ಮನ ವಯಸ್ಸಿನವಳೇ. ಅರುಣಕುಮಾರ್ ದೂರದಲ್ಲಿ ಬೈಕಿಗೆ ಒರಗಿ ಫೋನ್ ನೋಡುತ್ತಿದ್ದ.

"ಅಜ್ಜಿ, ಈ ಗುಡಿ ಯಾರು ಕಟ್ಟಿಸಿದ್ದು?" ಎಂದು ಕೇಳಿದರು ಕೀರ್ತನಾ.

"ನಮ್ಮ ಮಾವನ ಅಪ್ಪ. ಬ್ಯಾರೆ ಕಡಿಯಿಂದ ಕಂಬ ತಂದು ಕಟ್ಟಿಸ್ಯಾನ."

"ನಿಜವಾಗ್ಲೂನಾ? ಯಾರಾದ್ರೂ ಹೇಳಿಕೊಟ್ಟಿದ್ದಾರಾ?"

ಓಬಮ್ಮ ನೆಲ ನೋಡಿದಳು. ಪಕ್ಕೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾರೇಶ್ ಗಂಟಲು ಸರಿಮಾಡಿಕೊಂಡ.

"ಪಾಲಾಕ್ಷಣ್ಣ, ಸಿಟ್ಟಾಗಬ್ಯಾಡ. ನಮ್ಮಜ್ಜ ಈ ಗುಡಿ ಬಗ್ಗೆ ಬ್ಯಾರೆನ ಹೇಳ್ತಿದ್ದ. ಬರೀ ಬಾಯಿಮಾತಿಗೆ ನಾ ಸಹಿ ಹಾಕಂಗಿಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಕೀರ್ತನಾ ಪೆನ್ನಿನ ಮುಚ್ಚಳ ಹಾಕಿಯೂ ಆಗಿತ್ತು. ಆದರೆ ಊರಿಗೆಲ್ಲ ಆಣೆ ಮಾಡಿಸುವವನ ಮನೆಯ ಮಾತನ್ನು ಊರು ನಂಬದಿದ್ದರೆ ಮೀಸೆ ಯಾಕೆ? ಪಾಲಾಕ್ಷಪ್ಪ ದಡದಡನೆ ಮನೆಗೆ ಹೋಗಿ ಭಂಡಾರದ ಚೀಲ ತಂದ.

"ಮಾವ, ಬ್ಯಾಡ್ರಿ!" ಎಂದಳು ಸಂಗೀತಾ, ಎಲ್ಲರ ಮುಂದೆ. "ಅದೊಂದು ಮಾಡಬ್ಯಾಡ್ರಿ!"

"ಕೈ ಚಾಚವ್ವ," ಎಂದ ಪಾಲಾಕ್ಷಪ್ಪ.

ಓಬಮ್ಮ ಮಗನ ಮುಖವನ್ನು ನೋಡಿದಳು. ಆಮೇಲೆ ಕೈ ಚಾಚಿದಳು. ಅವನು ಅರಿಶಿನವನ್ನು ಅಂಗೈ ತುಂಬ ಸುರಿದ.

"ಮೈಲಾರಲಿಂಗಪ್ಪನ ಆಣಿ. ಈ ಗುಡಿ ನಮ್ಮ ಮಾವನ ಅಪ್ಪ ಕಟ್ಟಿಸಿದ್ದು. ಗುಡಿ, ಮನಿ ಎಲ್ಲಾ ಒಂದ. ನಮ್ಮದು."

ಮಾರೇಶ್ ಭಂಡಾರಕ್ಕೆ ಕೈಮುಗಿದು ಸಹಿ ಹಾಕಿದ. ಪಕ್ಕೀರಮ್ಮ ಹೆಬ್ಬೆಟ್ಟು ಒತ್ತಿದಳು. ಕೀರ್ತನಾ ಅವರಿಗೆ ಏನೂ ಮಾಡುವಂತಿರಲಿಲ್ಲ, ಪಂಚರು ಹೇಳಿದ್ದನ್ನು ಬರೆದುಕೊಂಡು ಜೀಪು ಹತ್ತಿದರು. ಆ ಸಂಜೆ ಪಾಲಾಕ್ಷಪ್ಪ ತಾಯಿಯ ಕೈರೊಟ್ಟಿಯನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ಹೊಟ್ಟೆ ತುಂಬ ಉಂಡ. ಓಬಮ್ಮ ಉಣ್ಣಲಿಲ್ಲ. ಗುಡಿಗೆ ದೀಪ ಹಚ್ಚಲೂ ಹೋಗಲಿಲ್ಲ. ಸಂಗೀತಾ ಬತ್ತಿ ಹೊಸೆದು ಕೊಟ್ಟರೆ, "ಯಾವ ಮುಖ ತಗೊಂಡು ಹೋಗ್ಲಿ?" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಬೇಸಿಗೆ ಇಳಿಯುವ ಹೊತ್ತಿಗೆ ನೋಟೀಸು ರದ್ದಾಯಿತು. ಪಾಲಾಕ್ಷಪ್ಪ ಅದನ್ನು ಕಂಬದಿಂದ ತಾನೇ ಕಿತ್ತು ಒಲೆಗೆ ಹಾಕಿದ. ಮೈಲಾರೇಶನ ಟ್ರ್ಯಾಕ್ಟರ್ ಮತ್ತೆ ಓಡಿತು. ಭರಮಮ್ಮ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. "ಕೊಟ್ಟೂರಿಂದ ಬಂದಾಕಿಗೆ ಎರಡು ಜಾಸ್ತಿ ಹಾಕ್ರಿ, ಬಾಯಿ ಮುಚ್ಚಲಿ," ಎಂದಳು. ಸಂಗೀತಾ ಹೋಳಿಗೆ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಅರುಣಕುಮಾರನ ಆಳುಗಳು ಹಗ್ಗ ಹಿಡಿದು ಸುಣ್ಣದ ಪುಡಿಯಿಂದ ಗೆರೆ ಹಾಕುತ್ತಾ ಬಂದರು. ಮೇಲಿನ ಗೋಡೆಯ ತುದಿಯಿಂದ ಕೆಳಗಿನ ಗೋಡೆಯ ತುದಿಗೆ ನೆಟ್ಟಗೆ ಗೆರೆ. ಅದು ಹೊಳೆಯ ಕಡೆ ಹೋಗಲಿಲ್ಲ. ಗುಡಿಯ ಹೊಸ್ತಿಲು ಹತ್ತಿ, ಹಿಂಗೋಡೆ ದಾಟಿ, ಪಾಲಾಕ್ಷಪ್ಪನ ಅಡುಗೆಮನೆಯ ಬಾಗಿಲಲ್ಲಿ ಬಂದು, ಕೊಟ್ಟಿಗೆಯಿಂದ ಆಚೆ ಹೋಯಿತು. ಭರಮಮ್ಮ ಒಲೆಯ ಮುಂದೆ ಕೂತಿದ್ದಳು. ಸುಣ್ಣ ಅವಳ ಕಾಲ ಮೇಲೂ ಬಿತ್ತು.

"ಏನ್ ಸಾಹೇಬ್ರ ಇದು!" ಎಂದು ಪಾಲಾಕ್ಷಪ್ಪ ಕೂಗಿದ. "ಗ್ವಾಡಿ ಹೊಳಿ ಕಡಿಗೆ ಅಂದಿದ್ರಿ!"

"ನಾನು ಗೋಡೆ ಮುಗಿಸ್ತೀನಿ ಅಂದಿದ್ದೆ. ಎಲ್ಲಿ ಅಂತ ನೀವು ಕೇಳಲಿಲ್ಲ," ಎಂದ ಅರುಣಕುಮಾರ್. "ಗುಡಿ ಮುಂದೆ ದಂಡೆ ಕುಸಿದಿದೆ, ಪಾಯ ನೀರಲ್ಲಿ ಹಾಕಬೇಕು. ಗುಡಿ ಹಳೇದಾಗಿದ್ರೆ ಆ ಕಷ್ಟ ಪಡಲೇಬೇಕಿತ್ತು. ಈಗ ಯಾಕೆ ಪಡಲಿ?"

"ಮನಿ ಕೆಡವ್ತೀರೇನು ನಂದು?"

"ಇದು ಹೊಳೆ ಪರಂಬೋಕು, ಸರ್ಕಾರಿ ಜಾಗ. ಅದರ ಮೇಲೆ ನಮ್ಮ ಹಿರಿಯರು ಕಟ್ಟಿಸಿದ್ರು, ಗುಡಿ ಮನೆ ಎಲ್ಲ ಒಂದೇ ಅಂತ ನಿಮ್ಮ ತಾಯಿನೇ ಹೇಳಿದ್ದಾರೆ. ಒತ್ತುವರಿ ಅಂತಾರೆ ಇದಕ್ಕೆ. ನಾಳೆ ಬೆಳಿಗ್ಗೆ ಜೆಸಿಬಿ ಬರುತ್ತೆ, ಸಾಮಾನು ತಗೊಂಡುಬಿಡಿ."

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಸಂಗೀತಾ ಯಾರನ್ನೂ ಕೇಳದೆ ಕೀರ್ತನಾ ಅವರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಹೇಳಿಕೆ ಸುಳ್ಳು ಅಂತ ಅದೇ ಪಂಚರು ಇವತ್ತೇ ಬರೆದುಕೊಟ್ರೆ ನಾನು ನಾಳೆ ಬೆಳಿಗ್ಗೆಯೊಳಗೆ ತಡೆ ತರ್ತೀನಿ," ಎಂದಿತು ಆ ಕಡೆಯ ದನಿ. "ಅವರು ಬರೆಯದೆ ನನ್ನ ಕೈಲಿ ಆಗಲ್ಲ."

ಮೈಲಾರೇಶ್ ಓಡಿಹೋಗಿ ಮಾರೇಶನನ್ನೂ ಪಕ್ಕೀರಮ್ಮನನ್ನೂ ಕರೆತಂದ. ಅಂಗಳ ತುಂಬಿತು.

"ನಾ ಹೆಂಗ ಬರದು ಕೊಡ್ಲಿ?" ಎಂದ ಮಾರೇಶ್. "ಭಂಡಾರ ಹಿಡದು ಹೇಳ್ಯಾಳ ಓಬಜ್ಜಿ. ಅದನ್ನ ಸುಳ್ಳು ಅಂದ್ರ ನಾಳೆ ಊರಾಗ ಯಾವ ನ್ಯಾಯ ನಿಲ್ತೈತಿ?"

"ಯವ್ವಾ, ಹೇಳಬೇ," ಎಂದು ಪಾಲಾಕ್ಷಪ್ಪ ತಾಯಿಯ ಕಾಲು ಹಿಡಿದ. "ತಪ್ಪಾತು ಅಂತ ಹೇಳು. ವಯಸ್ಸಾಗೈತಿ, ಮರತಿದ್ದೆ ಅಂತ ಹೇಳು."

"ಮತ್ತೊಂದು ಸುಳ್ಳೇನು?" ಎಂದಳು ಓಬಮ್ಮ. ಕೂತಲ್ಲಿಂದ ಎದ್ದಳು, ಒಳಗೆ ಹೋದಳು, ದೇವರ ಜಗಲಿಯ ಮೇಲಿನ ಚೀಲ ತೆಗೆದುಕೊಂಡು ಬಂದಳು. "ನನ್ನ ಕೈ ಒಂದು ಸಲ ಹಿಡದೈತಿ, ಇನ್ನ ಹಿಡಿಯಂಗಿಲ್ಲ. ಹಿಡಿಸಿದಾಂವ ನೀನು. ಹಡೆದಾಕಿ ಕೈಲೆ ಸುಳ್ಳು ಆಣಿ ಮಾಡಿಸಿದೆ ಅಂತ ಇವರ ಮುಂದ ಭಂಡಾರ ಹಿಡದು ಹೇಳು. ಮಾರೇಶ, ಆವಾಗ ಬರದು ಕೊಡ್ತೀಯೋ ಇಲ್ಲೋ?"

"ಕೊಡ್ತೀನಿ," ಎಂದ ಮಾರೇಶ್. "ಆದ್ರ ಹಂಗ ಹೇಳಿದ ಮ್ಯಾಲೆ ಚೀಲ ಈ ಮನ್ಯಾಗ ಇರಂಗಿಲ್ಲ ಪಾಲಾಕ್ಷಣ್ಣ. ಅದು ನಿನಗೂ ಗೊತ್ತು."

"ಹೋಗ್ಲಿ ಮಾವ, ಚೀಲ ಹೋಗ್ಲಿ!" ಎಂದಳು ಸಂಗೀತಾ. "ಮನಿ ಉಳೀತೈತಿ!"

"ಅಪ್ಪಾ, ಹೇಳಪ್ಪಾ," ಎಂದ ಮೈಲಾರೇಶ್. ಜೀವಮಾನದಲ್ಲಿ ಮೊದಲ ಸಲ ಅಪ್ಪನಿಗೆ ಎದುರಾಗಿ ಹೆಂಡತಿಯ ಪಕ್ಕದಲ್ಲಿ ನಿಂತಿದ್ದ. ಭರಮಮ್ಮ ಸುಣ್ಣ ಬಿದ್ದ ಕಾಲನ್ನು ಒರೆಸಿಕೊಳ್ಳದೆ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

"ಕೈ ಚಾಚು," ಎಂದಳು ಓಬಮ್ಮ. ಅವಳ ಮುಷ್ಟಿಯಲ್ಲಿ ಅರಿಶಿನವಿತ್ತು.

ಪಾಲಾಕ್ಷಪ್ಪ ಎದ್ದು ನಿಂತ. ಸುತ್ತ ನೋಡಿದ. ಕುರಿ ಕದ್ದ ಆರೋಪಕ್ಕೆ ಅವನ ಮುಂದೆ ತಲೆ ತಗ್ಗಿಸಿದವರು ಅಲ್ಲಿದ್ದರು, ಬದು ಒತ್ತಿದ್ದಕ್ಕೆ ಉಗಿಸಿಕೊಂಡವರಿದ್ದರು. ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಅವನ ಬಲಗೈ ಒಮ್ಮೆ ಮೇಲೆದ್ದಿತು. ಟವೆಲ್ಲಿನ ತುದಿ ಹಿಡಿದು, ಮುಖ ಒರೆಸಿಕೊಂಡು, ಹಾಗೇ ಕೆಳಗಿಳಿಯಿತು.

ಓಬಮ್ಮ ಕಾದಳು. ಮಾರೇಶ್ ಕಾದ. ಕಡೆಗೆ ಪಕ್ಕೀರಮ್ಮ, "ಸಾಕು ನಡೀರಿ," ಎಂದು ಎದ್ದಳು. ಒಬ್ಬೊಬ್ಬರಾಗಿ ಅಂಗಳ ಖಾಲಿಯಾಯಿತು.

ಓಬಮ್ಮ ಮುಷ್ಟಿಯ ಅರಿಶಿನವನ್ನು ಚೀಲಕ್ಕೆ ಸುರಿದು, ಬಾಯಿ ಕಟ್ಟಿ, ಜಗಲಿಯ ಮೇಲಿಟ್ಟಳು. ಅಡುಗೆಮನೆಗೆ ಹೋದಳು. ಗುಡಿಯ ಗೋಡೆಗೆ ಒರಗಿಸಿದ್ದ ಹಿತ್ತಾಳೆಯ ಕೊಡಗಳನ್ನು ಒಂದೊಂದಾಗಿ ಇಳಿಸಿದಳು. ದೊಡ್ಡದನ್ನು ಸೊಂಟದ ಮೇಲಿಟ್ಟುಕೊಂಡು, ಸುಣ್ಣದ ಗೆರೆ ದಾಟಿ, ಅಂಗಳದಲ್ಲಿ ನಿಂತೇ ಇದ್ದ ಮಗನ ಮುಂದೆ ಬಂದಳು.

"ಕೈ ಖಾಲಿ ಅದಾವಲ್ಲಪ್ಪಾ," ಎಂದಳು. "ಈ ಕೊಡ ಹಿಡಿ."